ಬೆಳಗಾವಿ-ಖಾನಾಪುರ ಪರಿಸರದ ಚರ್ಚುಗಳ ಒಳಾಂಗಣ: ಸಹಜ ಬೆಳಕಿನ ಛಾಯಾಚಿತ್ರವೆಂಬ ಆಕರ

ಕರ್ನಾಟಕದ ವಾಸ್ತುಶಿಲ್ಪದ ಅಧ್ಯಯನಕ್ಕೂ ಛಾಯಾಚಿತ್ರಣಕ್ಕೂ ಒಂದೂವರೆ ಶತಮಾನಕ್ಕೆ ಮಿಕ್ಕಿದ ನಂಟಿದೆ. 1855ರಲ್ಲಿ ಮುಂಬಯಿ ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡ ಥಾಮಸ್ ಬಿಗ್ಸ್ ಹಾಗೂ ಅವನ ಬಳಿಕ ಬಂದ ಡಾ. ಪಿಗೂ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ-ಮೈಸೂರು ಪ್ರದೇಶಗಳ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಸಂಪುಟದಲ್ಲಿ ಬೆಳಕು ಕಂಡವು. ಜೇಮ್ಸ್ ಬರ್ಜೆಸ್ 1874ರ ಜನವರಿಯಿಂದ ಮೇ ತಿಂಗಳವರೆಗೆ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸರ್ವೇಕ್ಷಣೆ ನಡೆಸಿ ಪ್ರಕಟಿಸಿದ ವರದಿ ಈ ಭಾಗದ ಸ್ಮಾರಕಗಳ ಅಧ್ಯಯನಕ್ಕೆ ಭದ್ರವಾದ ಅಡಿಪಾಯ ಹಾಕಿತು. ಆದರೆ ಈ ಪ್ರಯತ್ನಗಳ ಗುರಿ ಪ್ರಾಚೀನ ಸ್ಮಾರಕಗಳಾಗಿದ್ದವು. ಆಗಷ್ಟೇ ತಲೆಯೆತ್ತುತ್ತಿದ್ದ ಚರ್ಚುಗಳು ಸಹಜವಾಗಿಯೇ ಅವುಗಳ ವ್ಯಾಪ್ತಿಯಿಂದ ಹೊರಗುಳಿದವು.

1818ರಲ್ಲಿ ಬೆಳಗಾವಿಯ ಕೋಟೆ ಬ್ರಿಟಿಷರ ವಶವಾಯಿತು. 1820ರಲ್ಲಿ ಲಂಡನ್ ಮಿಷನ್ ಇಲ್ಲಿ ಕಾರ್ಯಾರಂಭ ಮಾಡಿತು. ದಂಡಿನ ಪ್ರದೇಶದಲ್ಲಿ, ಇಂದು ಜನ ಕ್ಯಾಂಪ್ ಎಂದು ಕರೆಯುವಲ್ಲಿ, ಗಾಥಿಕ್ ಶೈಲಿಯ ಸೇಂಟ್ ಮೇರೀಸ್ ಚರ್ಚ್ 1869ರಲ್ಲಿ ಆರಾಧನೆಗೆ ತೆರೆದುಕೊಂಡಿತು. ಕಥೋಲಿಕ ಪರಂಪರೆ ಬಹುಮಟ್ಟಿಗೆ ಗೋವೆಯ ಸಂಪರ್ಕದಿಂದ ಬಂದುದು. ಗೋವೆಯ ಗಡಿಗೆ ಹೊಂದಿಕೊಂಡಿರುವ ಖಾನಾಪುರ ತಾಲ್ಲೂಕಿನಲ್ಲಿ ಕೊಂಕಣಿ, ಮರಾಠಿ ಮತ್ತು ಕನ್ನಡ ಮೂರೂ ಬೆರೆತಿರುವುದಕ್ಕೂ ಈ ಭೌಗೋಳಿಕ ಸಾಮೀಪ್ಯವೇ ಕಾರಣ. 1953ರಲ್ಲಿ ಬೆಳಗಾವಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಫಾತಿಮಾ ಮಾತೆಯ ಚರ್ಚ್ ಅದರ ಪ್ರಧಾನಾಲಯ.

ಒಳಾಂಗಣವನ್ನು ಚಿತ್ರಿಸುವುದು ಛಾಯಾಗ್ರಾಹಕರಿಗೆ ಮೊದಲಿನಿಂದಲೂ ಕಠಿಣವಾದ ಕೆಲಸವೇ. ಹತ್ತೊಂಬತ್ತನೆಯ ಶತಮಾನದ ತೇವಫಲಕವನ್ನು ಅದು ಒಣಗುವ ಮೊದಲೇ ಬೆಳಕಿಗೆ ಒಡ್ಡಿ ಸಂಸ್ಕರಿಸಬೇಕಿತ್ತು. ಮಂದ ಬೆಳಕಿನಲ್ಲಿ ಅಷ್ಟು ಕಾಲಾವಕಾಶವೇ ಸಾಲುತ್ತಿರಲಿಲ್ಲ. 1865ರಲ್ಲಿ ಪಿಯಾಜಿ ಸ್ಮಿತ್ ಈಜಿಪ್ಟಿನ ಮಹಾಪಿರಮಿಡ್ಡಿನ ಒಳಗೆ ಮೆಗ್ನೀಸಿಯಂ ಉರಿಸಿ ಚಿತ್ರ ತೆಗೆದು ಕೃತಕ ಬೆಳಕಿನ ದಾರಿ ತೋರಿದ. ಇಂಗ್ಲೆಂಡಿನ ಫ್ರೆಡರಿಕ್ ಇವಾನ್ಸ್ ಇದಕ್ಕೆ ಪ್ರತಿಯಾದ ಮಾರ್ಗ ಹಿಡಿದ. ವೆಲ್ಸ್ ಪ್ರಧಾನಾಲಯದ ಮೆಟ್ಟಿಲುಗಳನ್ನು ಕುರಿತ ಅವನ 1903ರ ಚಿತ್ರ, ತಕ್ಕ ಬೆಳಕಿಗಾಗಿ ಕಾಯುವ ತಾಳ್ಮೆಯ ಫಲ. ಫ್ಲಾಶ್ ಬೆಳಕಿನ ಮಿತಿಯನ್ನು ಭೌತವಿಜ್ಞಾನವೇ ಹೇಳುತ್ತದೆ: ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಮುಂದಿನ ಬೆಂಚುಗಳು ಬೆಳ್ಳಗಾಗಿ, ಬಲಿಪೀಠ ಕತ್ತಲೆಯಲ್ಲಿ ಉಳಿಯುತ್ತದೆ. ಕಟ್ಟಡ ಕಟ್ಟಿದವರು ಉದ್ದೇಶಿಸಿದ ಬೆಳಕು-ನೆರಳಿನ ಕ್ರಮವೇ ಅಳಿಸಿಹೋಗುತ್ತದೆ.

ಈ ಕ್ರಮ ಸ್ಥಳನಿಷ್ಠವಾದುದು. ಬೆಳಗಾವಿ ಉತ್ತರ ಅಕ್ಷಾಂಶ 16 ಡಿಗ್ರಿಗೆ ತುಸು ಕೆಳಗಿದೆ. ಡಿಸೆಂಬರ್ ಕೊನೆಗೆ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಗಳಿಂದ ಬಿಸಿಲು ಓರೆಯಾಗಿ ನೆಲಕ್ಕೆ ಇಳಿಯುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದರಿಂದ, ಆ ಹೊತ್ತಿನಲ್ಲಿ ಅದೇ ಕಿಟಕಿಗಳಿಗೆ ನೇರ ಬಿಸಿಲು ದಕ್ಕುವುದಿಲ್ಲ. ಹೀಗಾಗಿ ಕಟ್ಟಡದ ದಿಕ್ಕು ಮತ್ತು ಕಿಟಕಿಯ ಅಳತೆ ತಿಳಿದಿದ್ದರೆ, ನೆಲದ ಮೇಲೆ ಬಿದ್ದ ಬಿಸಿಲಿನ ತುಣುಕಿನಿಂದ ಹಳೆಯ ಚಿತ್ರವೊಂದರ ಋತುವನ್ನೂ ಹೊತ್ತನ್ನೂ ಅಂದಾಜು ಮಾಡಬಹುದು. ಅಂದರೆ ಸಹಜ ಬೆಳಕಿನ ಚಿತ್ರ ತನ್ನ ಕಾಲನಿರ್ಣಯಕ್ಕೆ ಬೇಕಾದ ಆಂತರಿಕ ಸಾಕ್ಷ್ಯವನ್ನು ತಾನೇ ಹೊತ್ತಿರುತ್ತದೆ. ಶಾಸನಕ್ಕೆ ಮಿತಿ-ತಿಥಿಗಳಿದ್ದಂತೆ ಇದು.

ಖಾನಾಪುರದ ಸ್ಥಿತಿ ತುಸು ಬೇರೆ. ಸಹ್ಯಾದ್ರಿಯ ಸೆರಗಿನ ಈ ತಾಲ್ಲೂಕಿನಲ್ಲಿ ಮಳೆ ಹೆಚ್ಚು. ಜಂಬಿಟ್ಟಿಗೆ ಕಲ್ಲಿನ ಗೋಡೆ ಮತ್ತು ಹಂಚಿನ ಇಳಿಜಾರು ಮಾಡು ಇಲ್ಲಿನ ಹಳೆಯ ಕಟ್ಟಡಗಳ ಸಾಮಾನ್ಯ ಲಕ್ಷಣ. ಹಂಚುಗಳ ನಡುವೆ ಕೂರಿಸುವ ಗಾಜಿನ ಹಂಚಿನಿಂದ ಬೆಳಕು ಮೇಲಿನಿಂದ ಇಳಿಯುತ್ತದೆ. ಮಳೆಗಾಲದ ಮೋಡದ ಬೆಳಕು ಮಂದವಾದರೂ ಸಮನಾದುದು. ಕಿಟಕಿಗೂ ಮೂಲೆಗೂ ಇರುವ ಪ್ರಖರತೆಯ ಅಂತರ ಆಗ ಕುಗ್ಗುತ್ತದೆ. ಕ್ಯಾಮರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ ಹಲವು ಸೆಕೆಂಡು ಬೆಳಕಿಗೆ ಒಡ್ಡಿದರೆ ಮರದ ತೊಲೆ, ಗಾರೆಯ ಅಲಂಕರಣ, ಗೋಡೆಯ ತೇಪೆಗಳೆಲ್ಲ ಒಂದೇ ಚಿತ್ರದಲ್ಲಿ ದಾಖಲಾಗುತ್ತವೆ. ಇದೇ ತಾಲ್ಲೂಕಿನ ಹಲಸಿಯ ಭೂವರಾಹ ನರಸಿಂಹ ದೇವಾಲಯದ ಗರ್ಭಗೃಹದ ಕತ್ತಲೆಯನ್ನು ಇದರೊಡನೆ ಹೋಲಿಸಿದರೆ, ಏಕಾಂತ ದರ್ಶನದ ವಾಸ್ತುವಿಗೂ ಸಾಮೂಹಿಕ ಪ್ರಾರ್ಥನೆಯ ವಾಸ್ತುವಿಗೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಇಂಥ ದಾಖಲೆಯ ಅಗತ್ಯ ಕೇವಲ ಕಲಾತ್ಮಕವಲ್ಲ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಲ್ಯಾಟಿನ್ ಬಲಿಪೂಜೆ ಜನಭಾಷೆಗಳಿಗೆ ತಿರುಗಿತು. ಗುರುಗಳು ಜನರಿಗೆ ಅಭಿಮುಖವಾಗಿ ಪೂಜೆ ಅರ್ಪಿಸುವ ಪದ್ಧತಿ ಬಂದುದರಿಂದ ಗೋಡೆಗೆ ತಾಗಿದ್ದ ಬಲಿಪೀಠಗಳು ಅನೇಕ ಕಡೆ ಮುಂದಕ್ಕೆ ಬಂದವು. ಭಕ್ತರ ಸಂಖ್ಯೆ ಬೆಳೆದಂತೆ ಹಂಚಿನ ಜಾಗಕ್ಕೆ ಕಾಂಕ್ರೀಟು, ಹಗಲು ಬೆಳಕಿನ ಜಾಗಕ್ಕೆ ವಿದ್ಯುದ್ದೀಪ ಬರುವುದೂ ಸಹಜ. ಈ ಬದಲಾವಣೆಗಳು ಜೀವಂತ ಸಮುದಾಯದ ಹಕ್ಕು. ಅವುಗಳನ್ನು ತಡೆಯುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಮಾಡು ಬದಲಾದ ಮೇಲೆ, ಅದರ ಕೆಳಗೆ ತಲೆಮಾರುಗಳು ಪ್ರಾರ್ಥಿಸಿದ ಬೆಳಕನ್ನು ಯಾವ ನಕ್ಷೆಯಿಂದಲೂ ಪೂರ್ಣವಾಗಿ ಮರಳಿ ಪಡೆಯಲಾಗದು. ಸ್ಮಾರಕ ಫಲಕಗಳ ವಿಷಯವೂ ಹಾಗೆಯೇ: ಎದುರಿನ ಫ್ಲಾಶಿಗೆ ಮಾಸಿದ ಅಕ್ಷರಗಳು ಚಪ್ಪಟೆಯಾಗುತ್ತವೆ, ಪಕ್ಕದ ಕಿಟಕಿಯ ಓರೆ ಬೆಳಕಿನಲ್ಲಿ ಅವೇ ಎದ್ದು ಕಾಣುತ್ತವೆ.

ಆದ್ದರಿಂದ ಈ ಪರಿಸರದ ಚರ್ಚುಗಳನ್ನು ದಾಖಲಿಸುವಾಗ ಸಂಬಂಧಿಸಿದವರ ಅನುಮತಿ ಪಡೆದು, ಆರಾಧನೆಗೆ ಅಡ್ಡಿಯಾಗದ ಹೊತ್ತನ್ನು ಆರಿಸಿ, ಡಿಸೆಂಬರ್ ಮತ್ತು ಜುಲೈ ಎರಡರಲ್ಲೂ ಒಂದೇ ನಿಲುವಿನಿಂದ ಚಿತ್ರ ತೆಗೆಯುವುದು ಉಚಿತ. ದಿನಾಂಕ, ಗಂಟೆ, ಕ್ಯಾಮರಾ ನೋಡಿದ ದಿಕ್ಕು ಇವನ್ನು ಪ್ರತಿ ಚಿತ್ರದೊಡನೆ ನಮೂದಿಸಬೇಕು. ತಿದ್ದಿದ ಪ್ರತಿಯ ಜೊತೆಗೆ ತಿದ್ದದ ಮೂಲವನ್ನೂ ಕಾಪಿಡಬೇಕು. ಬರ್ಜೆಸ್ ಕಾಲದಲ್ಲಿ ಹೊಸದಾಗಿದ್ದ ಕಟ್ಟಡಗಳು ಈಗ ಸ್ವತಃ ಪುರಾತನವಾಗಿವೆ. ಅಂದು ಸರ್ವೇಕ್ಷಣೆಯ ವ್ಯಾಪ್ತಿಗೆ ಬಾರದ ಅವುಗಳ ಒಳಾಂಗಣ, ಇನ್ನಷ್ಟು ಬದಲಾಗುವ ಮುನ್ನ, ಸಂಶೋಧಕರ ಗಮನಕ್ಕೆ ಬರಬೇಕಾಗಿದೆ.