ಮುಪ್ಪಿಗೆ ಆಸರೆ: ಬ್ರಹ್ಮಗಿರಿ, ಧೌಳಿ, ಬಳ್ಳಿಗಾವೆಯ ಮೂರು ಶಾಸನಗಳು

"ಹಿಂದಿನ ಕಾಲದಲ್ಲಿ ವೃದ್ಧಾಶ್ರಮ ಎಲ್ಲಿತ್ತು? ಮಕ್ಕಳೇ ನೋಡ್ಕೋತಿದ್ರು" ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ಶಾಸನಗಳನ್ನು ಓದಿದರೆ ಈ ಮಾತು ಪೂರ್ತಿ ನಿಜವಲ್ಲ ಅಂತ ಗೊತ್ತಾಗುತ್ತೆ. ಮೂರು ಶಾಸನಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯದು. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಕಿರು ಶಾಸನ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಈ ಆಜ್ಞೆಯಲ್ಲಿ ತಾಯಿತಂದೆಯರ ಸೇವೆ ಮಾಡಬೇಕು ಅಂತಿದೆ. ಎಲ್ಲರೂ ತಾವಾಗಿಯೇ ಮಾಡ್ತಿದ್ದರೆ ಬಂಡೆ ಮೇಲೆ ಕೆತ್ತಿಸಿ ಹೇಳೋ ಅಗತ್ಯ ಇರುತ್ತಿತ್ತೆ?

ಎರಡನೆಯದು ಅದೇ ಅಶೋಕನ ಐದನೇ ಬಂಡೆ ಶಾಸನ. ಪಟ್ಟಾಭಿಷೇಕವಾಗಿ 13 ವರ್ಷವಾದ ಮೇಲೆ ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿಗಳನ್ನು ನೇಮಿಸಿದ ವಿವರ ಇದರಲ್ಲಿದೆ. ಅವರು ಯಾರ ಹಿತ ನೋಡಬೇಕು ಅನ್ನುವ ಪಟ್ಟಿಯಲ್ಲಿ ಅನಾಥರ ಪಕ್ಕದಲ್ಲೇ ವೃದ್ಧರಿದ್ದಾರೆ. ಒಡಿಶಾದ ಧೌಳಿಯ ಪಾಠದಲ್ಲಿ ಇವರಿಗೆ 'ಮಹಾಲಕ' ಅನ್ನೋ ಪದ ಬಳಸಿದೆ. ಸೆರೆಯಲ್ಲಿರುವವರ ಬಿಡುಗಡೆ ವಿಚಾರದಲ್ಲೂ, ಮಕ್ಕಳ ಭಾರ ಇರುವವರ ಜೊತೆಗೆ ವಯಸ್ಸಾದವರನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಅಂದರೆ ಮುಪ್ಪು ಮನೆಯ ವಿಷಯ ಮಾತ್ರ ಅಲ್ಲ, ರಾಜ್ಯದ ಹೊಣೆಯೂ ಹೌದು ಎಂದು ಕ್ರಿ.ಪೂ. 3ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ.

ಇನ್ನು ಸುಮಾರು 1400 ವರ್ಷ ಮುಂದಕ್ಕೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಬರೋಣ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಅಲ್ಲಿನ ಕೋಡಿಮಠವನ್ನು ವರ್ಣಿಸುತ್ತೆ. ವಿದ್ಯಾಕೇಂದ್ರವಾಗಿ ಅದು ಪ್ರಸಿದ್ಧ. ಆದರೆ ಅದೇ ಶಾಸನದಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ತಡೆಯಿಲ್ಲದೆ ಅನ್ನ ಸಿಗುವ ಜಾಗ ಅಂತಲೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುವ ಜಾಗ ಅಂತಲೂ ಇದೆ. ಕಥೆ ಹೇಳುವವರು, ಹಾಡುವವರು, ಕೊಳಲು ನುಡಿಸುವವರೂ ಉಣ್ಣುವವರ ಪಟ್ಟಿಯಲ್ಲಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು, ಜನರನ್ನು ವಿಂಗಡಿಸಿರೋದು ವಯಸ್ಸಿನಿಂದಲ್ಲ, ಅವರ ಸ್ಥಿತಿಯಿಂದ. ಕಾಲು, ಕಣ್ಣು, ಕಿವಿ: ಮುಪ್ಪಿನಲ್ಲಿ ಮೊದಲು ಕೈಕೊಡುವುದು ಇವೇ ತಾನೆ? ದುಡಿಯಲಾಗದ ಮುದುಕರೂ ಈ ಪಂಕ್ತಿಯಲ್ಲಿ ಕೂತಿರಬೇಕು ಅನ್ನೋದು ನನ್ನ ಊಹೆ.

ಇದು ನಡೆಯೋದು ಹೇಗೆ? ನನ್ನಂಥ ಇಂಜಿನಿಯರಿಗೆ ಇಷ್ಟವಾಗುವ ಭಾಗ ಇದು. ಇಂಥ ದತ್ತಿಗಳಲ್ಲಿ ಒಂದು ಸಲದ ಹಣಕ್ಕಿಂತ ಭೂಮಿ ಅಥವಾ ಊರಿನ ಹುಟ್ಟುವಳಿಯನ್ನೇ ಬಿಡುವುದು ರೂಢಿ. ಪೂಜೆ, ಆಹಾರದಾನದ ಜೊತೆಗೆ 'ಖಂಡಸ್ಫುಟಿತ ಜೀರ್ಣೋದ್ಧಾರ', ಅಂದರೆ ಒಡೆದುಹೋದದ್ದರ ರಿಪೇರಿಗೂ ಅದರಲ್ಲೇ ಪಾಲು. ಕೊನೆಗೆ ಅಳಿದವರಿಗೆ ಶಾಪ. ಊರಿನ ಬೆಳೆ, ಊರಿನ ಒಲೆ, ಊರವರದೇ ಕಾವಲು.

ಈಗ ನಮ್ಮ ಕಾಲಕ್ಕೆ ಬನ್ನಿ. ಮಕ್ಕಳ ಹೊಣೆಯನ್ನು ಹೇಳುವ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆ ಬಂದದ್ದು 2007ರಲ್ಲಿ. ಕರ್ನಾಟಕದ ಸಂಧ್ಯಾ ಸುರಕ್ಷಾ ಪಿಂಚಣಿ ಶುರುವಾದದ್ದೂ ಅದೇ ವರ್ಷ. ಬ್ರಹ್ಮಗಿರಿಯ ಮಾತು, ಧೌಳಿಯ ಮಾತು ಎರಡೂ ಕಾನೂನಾಗಿವೆ. ಆದರೆ ಮಕ್ಕಳು ಬೆಂಗಳೂರಿಗೆ ಹೋದ ಹಳ್ಳಿಯಲ್ಲಿ, ಕಣ್ಣು ಮಂಜಾದ ಅಜ್ಜಿಗೆ ಮಧ್ಯಾಹ್ನದ ಊಟ ಯಾರು ಬಡಿಸ್ತಾರೆ? ಪಿಂಚಣಿ ದುಡ್ಡು ತಾನಾಗಿ ಅಡುಗೆ ಮಾಡೋದಿಲ್ಲ. ನಮ್ಮಲ್ಲಿ ಈಗ ಕಡಿಮೆಯಾಗಿರೋದು ಬಳ್ಳಿಗಾವೆಯ ಆ ಮೂರನೇ ಏರ್ಪಾಡು.

ನಿಮ್ಮೂರಿನ ಗುಡಿಯ ಮುಂದೆ ದಾನಶಾಸನ ಇದ್ದರೆ, ರಾಜನ ಬಿರುದುಗಳಿಗೇ ನಿಲ್ಲದೆ ಕೊನೆಯ ಸಾಲುಗಳ ತನಕ ಓದಿ. ದಾನ ಕೊಟ್ಟವರು ಯಾರು ಅನ್ನೋದರ ಜೊತೆಗೆ ಉಂಡವರು ಯಾರು ಅಂತಲೂ ನೋಡಿ.