ಬೊವೆ ಕೆಥೆಡ್ರಲ್‌ನ ಎರಡು ಕುಸಿತಗಳು: ಎತ್ತರ, ಅಂತರ, ಅನುಕ್ರಮ

ಉತ್ತರ ಫ್ರಾನ್ಸಿನ ಬೊವೆ ಪಟ್ಟಣದ ಸೇಂಟ್ ಪೀಟರ್ ಕೆಥೆಡ್ರಲ್ ಅರ್ಧಕ್ಕೇ ನಿಂತ ಕಟ್ಟಡ. ಪಾದ್ರಿಗಳು ಕುಳಿತು ಪ್ರಾರ್ಥನೆ ಹಾಡುವ ಪೂರ್ವಭಾಗವಿದೆ, ಅಂದರೆ ಕ್ವಾಯರ್. ಶಿಲುಬೆಯ ತೋಳುಗಳಂತೆ ಉತ್ತರ ದಕ್ಷಿಣಕ್ಕೆ ಚಾಚಿದ ಅಡ್ಡಸಾಲೆಯಿದೆ. ಭಕ್ತರು ನೆರೆಯಬೇಕಾದ ಪಶ್ಚಿಮದ ಮುಖ್ಯ ಪಡಸಾಲೆ ಮಾತ್ರ ಇಲ್ಲ. ಅದು ಬರಬೇಕಿದ್ದ ಜಾಗದಲ್ಲಿ 10ನೆಯ ಶತಮಾನದ ತಗ್ಗು ಇಗರ್ಜಿಯೊಂದರ ಉಳಿಕೆ ಇಂದಿಗೂ ನಿಂತಿದೆ. ಕೆಥೆಡ್ರಲ್ ಎರಡು ಬಾರಿ ಕುಸಿಯಿತು: 1284ರಲ್ಲಿ ಕ್ವಾಯರ್‌ನ ಛಾವಣಿ, 1573ರಲ್ಲಿ ನಡುಗೋಪುರ. ಈ ಎರಡನ್ನೂ ಒಂದೇ ಕತೆಯಾಗಿ ಹೆಣೆದು, ಅತಿ ಎತ್ತರಕ್ಕೆ ಆಸೆಪಟ್ಟ ಗಾತಿಕ್ ಶೈಲಿಗೆ ತಕ್ಕ ಶಾಸ್ತಿಯಾಯಿತೆಂದು ಹೇಳುವುದು ವಾಡಿಕೆ. ಕುಸಿತದ ಬಳಿಕ ಕಲ್ಲುಕುಟಿಗರು ಏನನ್ನು ಬದಲಿಸಿದರು, ಏನನ್ನು ಹಾಗೆಯೇ ಬಿಟ್ಟರು ಎಂಬುದನ್ನು ನೋಡಿದರೆ ಈ ಕತೆ ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲ ಹಂತ: 1225–1272

1225ರ ಬೆಂಕಿಯಲ್ಲಿ ಹಳೆಯ ಇಗರ್ಜಿಗೆ ಹಾನಿಯಾದ ಮೇಲೆ ಬಿಷಪ್ ಮಿಲೋಂ ದ ನಾಂತೆಯ್ ಹೊಸ ಕಟ್ಟಡಕ್ಕೆ ಕೈಹಾಕಿದ. ನೆರೆಯ ಅಮಿಯೆಂನಲ್ಲಿ ಐದು ವರ್ಷ ಮೊದಲೇ, 1220ರಲ್ಲಿ, ದೊಡ್ಡ ಕೆಥೆಡ್ರಲ್ಲೊಂದು ಏಳತೊಡಗಿತ್ತು. ಬೊವೆಯ ಕೆಲಸ ಒಂದೇ ಓಘದಲ್ಲಿ ನಡೆಯಲಿಲ್ಲ. 1233ರಲ್ಲಿ ಪಟ್ಟಣದ ಮೇಯರ್ ನೇಮಕದ ವಿಚಾರದಲ್ಲಿ ದಂಗೆಯೆದ್ದು, ರಾಜ ಒಂಬತ್ತನೆಯ ಲೂಯಿಗೂ ಬಿಷಪ್‌ನಿಗೂ ಜಟಾಪಟಿಯಾಯಿತು. ಬಿಷಪ್‌ನ ಆದಾಯಕ್ಕೆ ರಾಜ ಕೈಹಾಕಿದ. ಹಣದ ಹರಿವು ಕಡಿಮೆಯಾದಂತೆ ಕಟ್ಟಡವೂ ಕುಂಟಿತು. ಮುಂದಿನ ಬಿಷಪ್‌ಗಳ ಕಾಲದಲ್ಲಿ ಮೇಲಂತಸ್ತುಗಳು ಏರಿ, 1272ರಲ್ಲಿ ಕ್ವಾಯರ್ ಪೂಜೆಗೆ ತೆರೆದುಕೊಂಡಿತು. ನೆಲದಿಂದ ಛಾವಣಿಯ ಕಮಾನಿಗೆ ಸುಮಾರು 48 ಮೀಟರ್. ಅಮಿಯೆಂನಲ್ಲಿ ಇದು ಸುಮಾರು 42 ಮೀಟರ್. ಗಾತಿಕ್ ಕೆಥೆಡ್ರಲ್‌ಗಳಲ್ಲಿ ಬೊವೆಯದಕ್ಕಿಂತ ಎತ್ತರದ ಛಾವಣಿ ಇನ್ನೊಂದಿಲ್ಲ.

ಇಂಥ ಛಾವಣಿಯ ಭಾರ ಕಂಬಗಳ ಮೇಲೆ ನೇರವಾಗಿ ಇಳಿಯುವುದಷ್ಟೇ ಅಲ್ಲದೆ ಗೋಡೆಯನ್ನು ಹೊರಕ್ಕೂ ನೂಕುತ್ತದೆ. ಆ ನೂಕನ್ನು ಹಾರುಕಮಾನುಗಳು ಎದುರಿಸಿ, ಹೊರಗಿನ ದಪ್ಪ ಆನಿಕೆಗಂಬಗಳಿಗೆ ಸಾಗಿಸುತ್ತವೆ. ಬೊವೆಯಲ್ಲಿ ಒಳಗಂಬಕ್ಕೂ ಹೊರಗಿನ ಆನಿಕೆಗೂ ನಡುವೆ ಇನ್ನೊಂದು ತೆಳ್ಳಗಿನ ಆನಿಕೆಯಿದೆ. ಅದರ ಒಂದಂಶ ಕೆಳಗಿನ ಕಂಬದ ನೇರಕ್ಕೆ ಕೂರದೆ ಹೊರಚಾಚಿಕೊಂಡಿದೆ. ವಿದ್ವಾಂಸರ ಚರ್ಚೆ ಮತ್ತೆ ಮತ್ತೆ ಸುತ್ತುವುದು ಈ ಬಿಂದುವಿನ ಸುತ್ತಲೇ.

1284: ಮೂರು ವಿವರಣೆಗಳು

1284ರ ನವೆಂಬರ್ 29ರಂದು ರಾತ್ರಿ ಕ್ವಾಯರ್‌ನ ನೇರ ಅಂಕಣಗಳ ಛಾವಣಿ ಕುಸಿಯಿತು. ಪೂರ್ವದ ತುದಿಯಲ್ಲಿ ಬಾಗಿದ ಭಾಗ ಮಾತ್ರ ಉಳಿಯಿತು. ಕಟ್ಟಿ ಮುಗಿಸಿ ಆಗಲೇ ಹನ್ನೆರಡು ವರ್ಷವಾಗಿತ್ತು. ಹೊಸ ಛಾವಣಿ ತನ್ನ ಭಾರಕ್ಕೇ ಒಮ್ಮೆಲೇ ಬಿತ್ತೆನ್ನುವುದಾದರೆ ಈ ಹನ್ನೆರಡು ವರ್ಷಗಳಿಗೂ ಲೆಕ್ಕ ಕೊಡಬೇಕಾಗುತ್ತದೆ.

19ನೆಯ ಶತಮಾನದ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಕೊಟ್ಟ ಉತ್ತರ ಗಾರೆಗೆ ಸಂಬಂಧಿಸಿದ್ದು. ಹಲವು ವರಸೆಯ ಕಲ್ಲುಗಳಿಂದ ಕಟ್ಟಿದ ಕಂಬದಲ್ಲಿ ಪ್ರತಿ ಸಂದಿನ ಗಾರೆಯೂ ನಿಧಾನವಾಗಿ ಕುಗ್ಗುತ್ತದೆ. ಅದರ ಪಕ್ಕದಲ್ಲಿ ನಿಂತ ಅಖಂಡ ಕಲ್ಲಿನ ಸಪೂರ ಜೋಡಿಗಂಬಗಳು ಕುಗ್ಗುವುದಿಲ್ಲ. ದೊಡ್ಡ ಕಂಬ ಕುಸಿದಷ್ಟೂ ಭಾರ ಸಪೂರ ಕಂಬಗಳಿಗೆ ವರ್ಗವಾಗಿ ಅವು ಸೀಳಿದವು. ಎಂಜಿನಿಯರ್ ಜಾಕ್ ಹೇಮನ್ 1967ರಲ್ಲಿ ಈ ವಿವರಣೆಯನ್ನು ಬೆಂಬಲಿಸಿದರು. ಸುಣ್ಣದ ಗಾರೆ ವರ್ಷಗಟ್ಟಲೆ ಕುಗ್ಗುವುದರಿಂದ ಹನ್ನೆರಡು ವರ್ಷದ ವಿಳಂಬಕ್ಕೂ ಇಲ್ಲಿ ಉತ್ತರ ಸಿಗುತ್ತದೆ.

ರಾಬರ್ಟ್ ಮಾರ್ಕ್ ಮತ್ತು ಮೌರಿ ವುಲ್ಫ್ 1976ರಲ್ಲಿ ಗಾಳಿಯತ್ತ ಬೊಟ್ಟು ಮಾಡಿದರು. ಬಲವಾದ ಗಾಳಿ ಬೀಸಿದಾಗ ನಡುವಣ ತೆಳು ಆನಿಕೆಯಲ್ಲಿ ಎಳೆತ ಹುಟ್ಟಿ ಗಾರೆ ಬಿರುಕು ಬಿಡುತ್ತದೆ, ಪ್ರತಿ ಬಿರುಗಾಳಿಗೂ ಬಿರುಕು ಬೆಳೆಯುತ್ತದೆ ಎಂಬುದು ಅವರ ನಿಲುವು. ಕಲಾ ಇತಿಹಾಸಕಾರ ಸ್ಟೀಫನ್ ಮರ್ರಿ ಅಳತೆಗಳಿಂದ ಹೊರಟು, ಅಂಕಣಗಳ ಅಗಲ ಒಂದೇ ಸಮ ಇಲ್ಲದಿರುವುದನ್ನೂ ಕಂಬಗಳ ನಡುವಿನ ಅಂತರ ಹೆಚ್ಚಿರುವುದನ್ನೂ ಮುಂದಿಟ್ಟರು. ಈ ಮೂರೂ ಒಂದನ್ನೊಂದು ಸಂಪೂರ್ಣ ತಳ್ಳಿಹಾಕುವುದಿಲ್ಲ. ಮೂರರಲ್ಲೂ ದೋಷ ಇರುವುದು ನಿರ್ದಿಷ್ಟ ಜಾಗದಲ್ಲಿ. ಒಟ್ಟು ಎತ್ತರ ಅದನ್ನು ಉಲ್ಬಣಿಸಿರಬಹುದು, ಹುಟ್ಟಿಸಲಿಲ್ಲ.

ದುರಸ್ತಿಯೆಂಬ ಸಾಕ್ಷ್ಯ

ಕುಸಿತದ ಕಾರಣವನ್ನು ಅಂದಿನ ಕಲ್ಲುಕುಟಿಗರು ಬರೆದಿಟ್ಟಿಲ್ಲ, ಆದರೆ ಕಟ್ಟಿ ತೋರಿಸಿದ್ದಾರೆ. 14ನೆಯ ಶತಮಾನದಲ್ಲಿ ಅವರು ನೇರ ಅಂಕಣಗಳ ಪ್ರತಿ ಜೋಡಿ ಕಂಬದ ನಡುವೆ ಹೊಸದೊಂದು ಕಂಬ ನಿಲ್ಲಿಸಿದರು. ಅಗಲವಾದ ಒಂದು ಅಂಕಣ ಇಕ್ಕಟ್ಟಾದ ಎರಡಾಯಿತು. ನಾಲ್ಕು ಹೋಳಿನ ಛಾವಣಿ ಆರು ಹೋಳಿನದಾಯಿತು. ಆರು ಹೋಳಿನ ಛಾವಣಿ 12ನೆಯ ಶತಮಾನದ ರೂಢಿ, ಆ ಹೊತ್ತಿಗೆ ಹಳೆಯ ಮಾದರಿ. ಅಂದಕ್ಕಾಗಿ ಅದನ್ನು ಮರಳಿ ತಂದಿರಲಾರರು. ಇಷ್ಟೆಲ್ಲ ಬದಲಿಸಿದರೂ ಛಾವಣಿಯನ್ನು ತಗ್ಗಿಸಲಿಲ್ಲ, ಹಿಂದಿನ ಎತ್ತರಕ್ಕೇ ಕಟ್ಟಿದರು. ಅವರ ತೀರ್ಮಾನ ಸ್ಪಷ್ಟ: ತಪ್ಪಿದ್ದು ಅಂತರದಲ್ಲಿ. ಅದೇ ಎತ್ತರದ ಛಾವಣಿ ಏಳು ಶತಮಾನದ ಸಮೀಪಕ್ಕೆ ಬಂದಿರುವುದು ಆ ತೀರ್ಮಾನದ ಪರವಾಗಿದೆ.

1573: ಕ್ರಮ ತಪ್ಪಿದ ಕಟ್ಟಡ

ಪಿಡುಗು, ನೂರು ವರ್ಷಗಳ ಯುದ್ಧಗಳಿಂದ ನಿಂತಿದ್ದ ಕೆಲಸ 1500ರಲ್ಲಿ ಮಾರ್ತಾಂ ಶಾಂಬಿಜ್‌ನ ಕೈಯಲ್ಲಿ ಅಡ್ಡಸಾಲೆಯೊಂದಿಗೆ ಮತ್ತೆ ಶುರುವಾಯಿತು. 16ನೆಯ ಶತಮಾನದ ನಡುವೆ ಅದು ಮುಗಿದಾಗ ಮುಂದಿನ ಹೆಜ್ಜೆ ಪಶ್ಚಿಮದ ಪಡಸಾಲೆಯಾಗಬೇಕಿತ್ತು. ಬದಲಿಗೆ ನಡುಗೋಪುರವನ್ನು ಆರಿಸಿಕೊಂಡರು. ಕಲ್ಲಿನ ಅಂತಸ್ತುಗಳ ಮೇಲೆ ಮರದ ಶಿಖರವಿದ್ದ, ಸುಮಾರು 150 ಮೀಟರ್ ಎತ್ತರದ ಆ ಗೋಪುರ 1569ರಲ್ಲಿ ಪೂರ್ಣಗೊಂಡಿತು.

ಗೋಪುರವನ್ನು ಹೊತ್ತ ನಾಲ್ಕು ಕಂಬಗಳಿಗೆ ಪೂರ್ವ, ಉತ್ತರ, ದಕ್ಷಿಣಗಳಲ್ಲಿ ಕಟ್ಟಡದ ಆಸರೆಯಿತ್ತು, ಪಶ್ಚಿಮ ಬರಿದಾಗಿತ್ತು. ಕಂಬಗಳು ಆ ಬರಿದಾದ ಕಡೆಗೇ ವಾಲಿದವು. ಇದು ಗೊತ್ತಾಗದೆ ಹೋದ ದೋಷವೂ ಅಲ್ಲ. 1571ರಲ್ಲೇ ಪರಿಶೀಲನೆಗೆ ಬಂದ ತಜ್ಞರು ವಾಲಿಕೆಯನ್ನು ಕಂಡು ಎಚ್ಚರಿಸಿದ್ದರು, ಪರಿಹಾರದ ಕೆಲಸ ತಡವಾಯಿತು. 1573ರ ಏಪ್ರಿಲ್ 30, ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ. ಜನ ಮೆರವಣಿಗೆಯಲ್ಲಿ ಹೊರಗೆ ಹೋಗಿದ್ದಾಗ ಗೋಪುರ ಉರುಳಿತು. ಹಾಗಾಗಿ ಜೀವಹಾನಿ ತಪ್ಪಿತು. ಅಡ್ಡಸಾಲೆಯನ್ನು ದುರಸ್ತಿ ಮಾಡಿದರು, ಗೋಪುರವನ್ನು ಮತ್ತೆ ಕಟ್ಟಲಿಲ್ಲ. ಪಡಸಾಲೆಯ ಕೆಲಸ ಮೊದಲ ಅಂಕಣವನ್ನೂ ದಾಟದೆ 17ನೆಯ ಶತಮಾನದ ಆರಂಭಕ್ಕೆ ಕೊನೆಗೊಂಡಿತು.

1284ರ ಛಾವಣಿಗೂ 1573ರ ಗೋಪುರಕ್ಕೂ ಒಂದೇ ಕಾರಣ ಹುಡುಕುವುದು ಈ ದೃಷ್ಟಿಯಲ್ಲಿ ಸರಿಯಾಗದು. ಮೊದಲನೆಯದು ವಿನ್ಯಾಸದ ದೋಷ. ಎರಡನೆಯದು ಕೆಲಸದ ಅನುಕ್ರಮದ ದೋಷ, ಎಂದರೆ ಆನಿಕೆ ಬರುವ ಮೊದಲೇ ಹೊರೆ ಹೊರಿಸಿದ್ದು.

ಕಬ್ಬಿಣದ ಪ್ರಶ್ನೆ

ಬೊವೆಯ ಆನಿಕೆಗಳ ನಡುವೆ ಕಬ್ಬಿಣದ ಬಿಗಿಸರಳುಗಳು ಹಾದುಹೋಗುತ್ತವೆ. ಇವನ್ನು ಸೋತ ಕಲ್ಲಿಗೆ ಆಮೇಲೆ ಕೊಟ್ಟ ಊರುಗೋಲೆಂದು ಬಹುಕಾಲ ನಂಬಲಾಗಿತ್ತು. ಕಬ್ಬಿಣದೊಳಗಿನ ಇಂಗಾಲದಿಂದ ಕಾಲ ನಿರ್ಣಯಿಸುವ ಇತ್ತೀಚಿನ ಸಂಶೋಧನೆ, ಕೆಲವು ಸರಳುಗಳು 13ನೆಯ ಶತಮಾನದ ಮೂಲ ಕಟ್ಟಡದವೇ ಎಂದು ತೋರಿಸಿದೆ. ಹಾಗಾದರೆ ಕಲ್ಲಷ್ಟನ್ನೇ ನೆಚ್ಚಿ ಹಟಕ್ಕೆ ಬಿದ್ದ ಕಟ್ಟುಗರೆಂಬ ಚಿತ್ರವನ್ನೂ ತಿದ್ದಬೇಕಾಗುತ್ತದೆ. ಎಳೆತ ಎಲ್ಲಿ ಬರಬಹುದೆಂದು ಅವರು ಊಹಿಸಿದ್ದರು, ಅದಕ್ಕೆ ಕಬ್ಬಿಣವನ್ನು ಸಜ್ಜಾಗಿಟ್ಟಿದ್ದರು.

ಸಮಾರೋಪ

ಎತ್ತರ ಹೆಚ್ಚಿದಂತೆ ಗಾಳಿಯ ಹೊಡೆತವೂ ಹೆಚ್ಚುವುದರಿಂದ ಬೊವೆಯಲ್ಲಿ ಎತ್ತರವನ್ನು ಪೂರ್ತಿ ನಿರ್ದೋಷಿಯೆನ್ನಲಾಗದು. 1573ರ ಬಳಿಕ ಗೋಪುರದ ಆಸೆ ಬಿಟ್ಟಿದ್ದರಲ್ಲಿ ಅಂಜಿಕೆಯ ಪಾಲೂ ಇದ್ದೀತು, ಧರ್ಮಯುದ್ಧಗಳ ಕಾಲದ ಬರಿದಾದ ಬೊಕ್ಕಸದ ಪಾಲೂ ಇದ್ದೀತು. ಆದರೆ ಅಹಂಕಾರವೆಂಬ ಒಂದು ಪದ ಕಟ್ಟಡದ ಯಾವ ಕಲ್ಲನ್ನೂ ವಿವರಿಸುವುದಿಲ್ಲ. ಕ್ವಾಯರ್‌ನಲ್ಲಿ ನಿಂತು ನೋಡುವವರಿಗೆ ಹಳೆಯ ಕಂಬ, ಹೊಸ ಕಂಬ, ಮತ್ತೆ ಹಳೆಯ ಕಂಬ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಕುಸಿತಕ್ಕೆ ಕಾರಣವೇನೆಂದು ಅಂದಿನ ಕುಟಿಗರನ್ನು ಕೇಳಿದ್ದರೆ ಅವರು ಆ ನಡುವಿನ ಕಂಬದತ್ತ ಕೈ ತೋರುತ್ತಿದ್ದರು.