ವಿಸಿಲ್ ಕೇಳಿಸದವರ ಲೈಸೆನ್ಸು

ಕಳೆದ ವರ್ಷ ಒಂದು ಸಂಜೆ, ಆಫೀಸಿನಿಂದ ಮನೆಗೆ ಹೊರಟಿದ್ದೆ. ಫ್ಲೈಓವರ್ ಕೆಳಗೆ ಎಂದಿನಂತೆ ಟ್ರಾಫಿಕ್ ಚೆಕಿಂಗ್. ನನ್ನ ಮುಂದಿದ್ದ ಸ್ಕೂಟರ್ ಹುಡುಗನಿಗೆ ಪೊಲೀಸರು ವಿಸಿಲ್ ಹೊಡೆದರು. ಅವನು ನಿಲ್ಲಿಸಲಿಲ್ಲ. ಹಿಂದಿನಿಂದ ನಾನೂ ಎರಡು ಸಲ ಹಾರ್ನ್ ಹೊಡೆದೆ. ಆಗಲೂ ತಿರುಗಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಪೇದೆ ಓಡಿ ಬಂದು, ಸ್ಕೂಟರ್ ಹಿಡಿದು ನಿಲ್ಲಿಸಿ, ಕೀ ಕಿತ್ಕೊಂಡರು.

ಹುಡುಗ ಕಿವಿ ತೋರಿಸಿದ, ಕೈ ಆಡಿಸಿದ, ಆಮೇಲೆ ಜೇಬಿಗೆ ಕೈ ಹಾಕಿ ಮೊಬೈಲ್ ತೆಗೆದ. "ಯಾರಿಗೋ ಫೋನ್ ಮಾಡ್ತೀಯಾ? ಮಾಡು, ನೋಡೇ ಬಿಡ್ತೀನಿ" ಅಂತ ಪೇದೆ ದನಿ ಏರಿಸಿದರು. ಅವನು ಫೋನ್ ಮಾಡ್ತಿರಲಿಲ್ಲ, ಟೈಪ್ ಮಾಡ್ತಿದ್ದ. 'ನನಗೆ ಕಿವಿ ಕೇಳಿಸಲ್ಲ ಸರ್' ಎಂದು ಸ್ಕ್ರೀನ್ ತೋರಿಸಿದಾಗಲೇ ಗಲಾಟೆ ನಿಂತದ್ದು. ಸ್ಕೂಟರಿನ ಹಿಂಬದಿಯಲ್ಲಿ ಕಿವಿಗೆ ಅಡ್ಡಗೆರೆ ಎಳೆದ ಸ್ಟಿಕರ್ ಇತ್ತು. ಅದರ ಹಿಂದೆಯೇ ಬಂದ ನಾನು ಹಾರ್ನ್ ಹೊಡೆದಿದ್ದೆನೇ ಹೊರತು ಅದನ್ನು ನೋಡಿರಲಿಲ್ಲ.

ಪೇದೆ ನನ್ನ ಕಡೆ ತಿರುಗಿ ಕೇಳಿದರು, "ಸಾರ್, ಕಿವಿ ಕೇಳ್ದೇ ಇರೋರಿಗೆ ಲೈಸೆನ್ಸ್ ಹೆಂಗ್ ಕೊಟ್ರು?"

ನನ್ನ ಹತ್ರ ಉತ್ತರ ಇರಲಿಲ್ಲ. ಮನೆಗೆ ಬಂದು ಹುಡುಕುತ್ತಾ ಕೂತೆ. ಸಿಕ್ಕ ಕಥೆ ಇಲ್ಲಿದೆ.

ಅಂಗವಿಕಲರು ಗಾಡಿ ಓಡಿಸಬಹುದು ಅನ್ನೋದು ನಮ್ಮ ಕಾನೂನಿಗೆ ಹೊಸ ವಿಷಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ಇನ್‌ವ್ಯಾಲಿಡ್ ಕ್ಯಾರೇಜ್' ಎಂಬ ವಾಹನದ ಪ್ರಸ್ತಾಪವಿತ್ತು. ಈ ಹೆಸರು ಬ್ರಿಟನ್ನಿನ ರಸ್ತೆ ಕಾನೂನಿನದು. ಅಲ್ಲಿ ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಬರ್ಟ್ ಗ್ರೀವ್ಸ್ ಎಂಬಾತ ಕಾಲಿನ ಸ್ವಾಧೀನವಿಲ್ಲದ ತನ್ನ ಸಂಬಂಧಿಗೆಂದು ಒಂದು ಗಾಡಿ ಮಾಡಿಕೊಟ್ಟ. ಅದೇ ಮುಂದೆ ಇನ್ವಾಕಾರ್ ಕಂಪನಿಯಾಯಿತು. ತಿಳಿನೀಲಿ ಬಣ್ಣದ, ಒಂದೇ ಸೀಟಿನ ಮೂರು ಚಕ್ರದ ಗಾಡಿಗಳನ್ನು ಅಲ್ಲಿನ ಸರ್ಕಾರ ಅಂಗವಿಕಲರಿಗೆ ಹಂಚಿತು. 2003ರಲ್ಲಿ ಅವುಗಳನ್ನು ರಸ್ತೆಯಿಂದ ತೆಗೆಸಿತು. ನಮ್ಮಲ್ಲಿ ಆ ಹೆಸರು ಹೋಗಿ 'ಅಡಾಪ್ಟೆಡ್ ವೆಹಿಕಲ್' ಬಂದದ್ದು 2019ರ ತಿದ್ದುಪಡಿಯಲ್ಲಿ. ಹೆಸರು ಹೇಗೇ ಇರಲಿ, ಕಾಲಿಗೆ ತೊಂದರೆ ಇದ್ದವರಿಗೆ ಕಾನೂನಿನಲ್ಲಿ ಒಂದು ಬಾಗಿಲಂತೂ ಇತ್ತು. ಪಕ್ಕಕ್ಕೆ ಎರಡು ಚಕ್ರ ಕೂರಿಸಿದ ಸ್ಕೂಟರನ್ನು ಪೊಲೀಸರು ದೂರದಿಂದಲೇ ಗುರುತು ಹಿಡೀತಾರೆ.

ಕಿವುಡರಿಗೆ ಆ ಬಾಗಿಲು ಇರಲಿಲ್ಲ. ಅವರ ಗಾಡಿಯಲ್ಲಿ ಬದಲಾಯಿಸುವಂಥದ್ದೇನೂ ಇಲ್ಲವಲ್ಲ. 1989ರ ಕೇಂದ್ರ ನಿಯಮಗಳ ವೈದ್ಯಕೀಯ ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು: ಅರ್ಜಿದಾರರಿಗೆ ಸಾಮಾನ್ಯ ಶಬ್ದಸೂಚನೆಗಳು ಕೇಳಿಸದಷ್ಟು ಕಿವುಡುತನ ಇದೆಯೇ? ಡಾಕ್ಟರು 'ಹೌದು' ಎಂದರೆ ಅರ್ಜಿ ಅಲ್ಲಿಗೇ ಮುಗೀತು. ಗಾಡಿ ಓಡಿಸಿ ತೋರಿಸುವ ಅವಕಾಶವೂ ಸಿಗುತ್ತಿರಲಿಲ್ಲ.

ಈ ಅನುಮಾನ ನಮ್ಮೊಬ್ಬರದ್ದೇ ಅಲ್ಲ. ಕಾರು ಮನೆಮನೆಗೆ ಬರತೊಡಗಿದ 1920ರ ದಶಕದಲ್ಲಿ ಅಮೆರಿಕದ ಕೆಲವು ರಾಜ್ಯಗಳು ಕಿವುಡರಿಗೆ ಲೈಸೆನ್ಸ್ ನಿರಾಕರಿಸಿದ್ದವು. ಅಲ್ಲಿನ ಕಿವುಡರ ಸಂಘಗಳು ಹೋರಾಡಿ ಅದನ್ನು ಪಡೆದುಕೊಂಡವು. ನಮ್ಮಲ್ಲೂ ನಡೆದದ್ದು ಅದೇ, ಸುಮಾರು ಒಂಬತ್ತು ದಶಕ ತಡವಾಗಿ. ಕಿವುಡರ ರಾಷ್ಟ್ರೀಯ ಸಂಘ ದೆಹಲಿ ಹೈಕೋರ್ಟಿಗೆ ಹೋಯಿತು. 2011ರ ಫೆಬ್ರವರಿಯಲ್ಲಿ ಕೋರ್ಟು, ಕಿವುಡರನ್ನು ಡ್ರೈವಿಂಗ್ ಟೆಸ್ಟಿಗೆ ಬಿಡಿ, ಪಾಸಾದರೆ ಲೈಸೆನ್ಸ್ ಕೊಡಿ ಎಂದಿತು. 2016ರ ಅಕ್ಟೋಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಏಮ್ಸ್ ವೈದ್ಯರ ಅಭಿಪ್ರಾಯ ಪಡೆದು, ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ಅದರ ಸಾರ ಇಷ್ಟೇ: ಗಾಡಿ ಓಡಿಸುವುದು ಮುಖ್ಯವಾಗಿ ಕಣ್ಣಿನ ಕೆಲಸ, ಕಿವಿಯದ್ದು ಅಲ್ಪ ಪಾತ್ರ. ಗಾಜು ಏರಿಸಿ, ಎಸಿ ಹಾಕಿ, ಹಾಡು ಕೇಳ್ತಾ ಡ್ರೈವ್ ಮಾಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲಿಗೆ ಪೇದೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಈ ಬದಲಾವಣೆ ಆದದ್ದು ಆರ್‌ಟಿಒ ಕೌಂಟರಿನಲ್ಲಿ. ರಸ್ತೆಬದಿಯಲ್ಲಿ ಏನೂ ಆಗಲಿಲ್ಲ. ಅಲ್ಲಿ ಇವತ್ತಿಗೂ ಎಲ್ಲವೂ ಶಬ್ದವೇ. ವಿಸಿಲ್, 'ಏಯ್, ಸೈಡಿಗ್ ಹಾಕೋ', ಬಾನೆಟ್ ಮೇಲೊಂದು ಏಟು, ಮಾಸ್ಕಿನೊಳಗಿಂದ ಪ್ರಶ್ನೆ. ಲೈಸೆನ್ಸ್ ಕೊಟ್ಟ ಸರ್ಕಾರ, ಅದನ್ನು ಪರೀಕ್ಷಿಸುವ ತನ್ನದೇ ಸಿಬ್ಬಂದಿಗೆ ವಿಷಯ ಮುಟ್ಟಿಸಿರಲಿಲ್ಲ.

ಈ ಕಂದಕ ಎಷ್ಟು ಆಳ ಹೋಗಬಹುದು ಅನ್ನೋದಕ್ಕೆ ಅಮೆರಿಕದಲ್ಲೇ ಉದಾಹರಣೆ ಇದೆ. ನಮ್ಮ ಸಚಿವಾಲಯದ ಪತ್ರಕ್ಕೆ ಎರಡು ತಿಂಗಳ ಮುಂಚೆ, 2016ರ ಆಗಸ್ಟಿನಲ್ಲಿ, ನಾರ್ತ್ ಕೆರೊಲಿನಾದ ಶಾರ್ಲೆಟ್ ನಗರದಲ್ಲಿ 29 ವರ್ಷದ ಕಿವುಡ ಚಾಲಕನೊಬ್ಬ ಪೊಲೀಸರು ಹಿಂದೆ ಬಿದ್ದರೂ ನಿಲ್ಲಿಸದೆ ಮುಂದೆ ಹೋದ. ಕೊನೆಗೆ ಮನೆಯ ಹತ್ತಿರ ಕಾರಿನಿಂದಿಳಿದಾಗ ಗುಂಡಿಗೆ ಬಲಿಯಾದ. ಅವನ ಹತ್ತಿರ ಆಯುಧ ಇರಲಿಲ್ಲ.

ಅಲ್ಲಿ ಹಲವು ರಾಜ್ಯಗಳಲ್ಲಿ 'ವೈಸರ್ ಕಾರ್ಡ್' ಬಳಕೆಯಲ್ಲಿದೆ. ಕಾರಿನ ಮುಂದುಗಡೆ ಬಿಸಿಲುತಡೆಗೆ ಸಿಕ್ಕಿಸಿಡುವ, 'ನಾನು ಕಿವುಡ, ಹೀಗೆ ಮಾತಾಡಿ' ಎಂದು ಚಿತ್ರಸಮೇತ ತೋರಿಸುವ ಕಾರ್ಡು. ಕನೆಕ್ಟಿಕಟ್ ರಾಜ್ಯ 2020ರಲ್ಲಿ ಆಟಿಸಂ ಇರುವ ಚಾಲಕರಿಗೆ ನೀಲಿ ಲಕೋಟೆ ತಂದಿತು. ಒಳಗೆ ಲೈಸೆನ್ಸು, ದಾಖಲೆಗಳು. ಹೊರಗೆ ಪೊಲೀಸರು ಏನು ಮಾಡಬೇಕು, ಚಾಲಕ ಏನು ಮಾಡಬೇಕು ಎಂಬ ಸೂಚನೆ.

ಒಳ್ಳೇದೇ. ಆದರೆ ಕಾರ್ಡು ಬಂದರೆ ಕೆಲಸ ಮುಗಿಯಿತು ಅಂದ್ಕೋಬೇಡಿ. ಕಾರ್ಡು ತೆಗೆಯಲು ಕೈ ಚಾಚಿದರೆ ಅಲ್ಲಿನ ಪೊಲೀಸರಿಗೆ ಪಿಸ್ತೂಲಿನ ಅನುಮಾನ. ಇಲ್ಲಿ ಮೊಬೈಲ್ ತೆಗೆದರೆ ಶಿಫಾರಸಿನ ಅನುಮಾನ. ಆ ಹುಡುಗನ ಸ್ಟಿಕರ್ ಅವತ್ತು ಅಲ್ಲೇ ಇತ್ತಲ್ಲ, ಓದಿದವರು ಯಾರು? ಕಲಿಯಬೇಕಾದವರು ಆ ಕಡೆ ನಿಂತಿರುವವರು.

ಇದು ನನ್ನ ಉಪದೇಶವಲ್ಲ, ಕಾನೂನಿನಲ್ಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 47ನೇ ಸೆಕ್ಷನ್, ಪೊಲೀಸರ ತರಬೇತಿಯಲ್ಲಿ ಅಂಗವಿಕಲರ ಹಕ್ಕುಗಳ ಪಾಠ ಕಡ್ಡಾಯವಾಗಬೇಕು ಎನ್ನುತ್ತದೆ. ರಸ್ತೆಗೆ ಬೇಕಾದ ಪಾಠ ದೊಡ್ಡದೇನಲ್ಲ. ಎದುರಿಗೆ ಬಂದು ನಿಲ್ಲಿ. ಮುಖಕ್ಕೆ ಟಾರ್ಚ್ ಬಿಡಬೇಡಿ. ಮಾಸ್ಕ್ ಇಳಿಸಿ ಮಾತಾಡಿ. ಜೇಬಿನಲ್ಲಿ ಪೆನ್ನು, ಪುಟ್ಟ ಪ್ಯಾಡ್ ಇರಲಿ. ಮುಖ್ಯವಾಗಿ, ಕೈ ಹಿಡಿದು ಜಗ್ಗಬೇಡಿ. ಕೈಯಲ್ಲಿ ಮಾತಾಡುವವನ ಕೈ ಹಿಡಿಯೋದು ಅಂದ್ರೆ ಬಾಯಿ ಮುಚ್ಚಿಸಿದ ಹಾಗೆ.

ಅವತ್ತು ಹುಡುಗನ ದಾಖಲೆಗಳೆಲ್ಲ ಸರಿ ಇದ್ದವು. ಪೇದೆ ಕೀ ವಾಪಸ್ ಕೊಟ್ಟು, ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಅಂಗೈ ತೋರಿಸಿ 'ನಿಲ್ಲು' ಅಂದರು. ಬಲಗಡೆಯಿಂದ ಬರುತ್ತಿದ್ದ ಬಸ್ಸು ದಾಟುವವರೆಗೆ ಕಾದು, ತೋಳು ಬೀಸಿ 'ಹೋಗು' ಅಂದರು. ಹುಡುಗನಿಗೆ ಚೆನ್ನಾಗಿಯೇ ಅರ್ಥವಾಯಿತು, ಹೊರಟ.

ಆಗ ಹೊಳೀತು ನೋಡಿ. ದಿನವಿಡೀ ಸರ್ಕಲ್ ಮಧ್ಯೆ ನಿಂತು, ಒಂದೂ ಮಾತಾಡದೆ, ಬರೀ ಕೈಯಲ್ಲೇ ಸಾವಿರಾರು ಜನರಿಗೆ ಹೇಳಬೇಕಾದ್ದನ್ನು ಹೇಳುವವರು ಟ್ರಾಫಿಕ್ ಪೊಲೀಸರೇ. ಅವರಿಗೆ ಇದು ತೀರಾ ಹೊಸ ಭಾಷೆಯೇನಲ್ಲ.

ನಾನೂ ಒಂದು ಪಾಠ ಕಲಿತೆ. ಮುಂದಿನ ಗಾಡಿ ದಾರಿ ಬಿಡದಿದ್ದರೆ ಹಾರ್ನ್ ಒತ್ತುವ ಮುಂಚೆ ಅದರ ಹಿಂಬದಿ ನೋಡ್ತೀನಿ.